ಬೋರ್ ಬತ್ತಿದೆ. ಟೊಮೆಟೊ ಬಿಟ್ಟು ಅಕ್ಕಡಿ ರಾಗಿಗೆ ಬರಬಹುದಾ?

ಕೆಮ್ಮಣ್ಣು:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ತಾಲ್ಲೂಕಿನಲ್ಲಿ ನಮ್ಮದು 4 ಎಕರೆ ಹೊಲ. ಅಪ್ಪ ತುಂಬಾ ವರ್ಷದಿಂದ ಟೊಮೆಟೊ ಬೆಳೆಯುತ್ತಿದ್ದಾರೆ. ಬೋರ್ 1,200 ಅಡಿ ಇದೆ, ಈ ಬೇಸಿಗೆಯಲ್ಲಿ ಪೂರ್ತಿ ನಿಂತುಹೋಯಿತು. ಅಪ್ಪ ಇನ್ನೊಂದು ಪಾಯಿಂಟ್ ನೋಡಿಸಿದ್ದಾರೆ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತಲ್ವಾ, ಅದು ಅವರ ತಲೆಯಿಂದ ಇನ್ನೂ ಹೋಗಿಲ್ಲ. ಕೊರೆಸಬೇಕು ಅಂದರೆ ಮತ್ತೆ ಸಾಲ ಮಾಡಬೇಕು.

ಅಮ್ಮ ಬೇಡ ಅಂತಾರೆ. ಅವರ ಅತ್ತೆ ಮಾಡುತ್ತಿದ್ದ ಹಾಗೆ ಮಳೆ ನಂಬಿ ರಾಗಿ ಹಾಕಿ, ರಾಗಿ ಸಾಲುಗಳ ನಡುನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಬಿಡೋಣ ಅಂತಾರೆ. ಮನೇಲಿ ಎರಡು ಹಸು ಇವೆ. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ, ತೀರ್ಮಾನ ನನ್ನ ಮೇಲಿದೆ. ಇದರಲ್ಲಿ ಮನೆ ನಡೆಯುತ್ತಾ? ಅಕ್ಕಪಕ್ಕದವರೆಲ್ಲ ಬರೀ ರಾಗಿ ಹಾಕಿ ಮೆಷಿನ್‌ನಲ್ಲಿ ಕಟಾವು ಮಾಡಿಸುತ್ತಾರೆ. ನಡುವೆ ನಾವೊಬ್ಬರೇ ಅಕ್ಕಡಿ ಹಾಕಿದರೆ ಆಗುತ್ತಾ?

ಮಂಡಿ ರಸ್ತೆ:

ನಿಮ್ಮ ಓದಿಗೆ ದುಡ್ಡು ಕೊಟ್ಟಿದ್ದು ಟೊಮೆಟೊನೇ ಇರಬೇಕು, ಅದನ್ನ ಮರೆಯಬೇಡಿ. ರಾಗಿ ಬೆಳೆದು ಮಕ್ಕಳನ್ನ ಕಾಲೇಜಿಗೆ ಕಳಿಸೋದು ಕಷ್ಟ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕಳಿಸೋ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಕೋಲಾರದ ಕಡೆ ಕೆರೆಗೆ ಬಿಟ್ಟ ಮೇಲೆ ಸುತ್ತಮುತ್ತ ಎಷ್ಟೋ ಬೋರ್‌ಗಳಲ್ಲಿ ಮತ್ತೆ ನೀರು ಬಂತು. ಹತ್ತಿರದ ಕೆರೆ ತುಂಬುತ್ತಾ ನೋಡಿಕೊಂಡು, ಟೊಮೆಟೊ ಒಂದು ಎಕರೆಗೆ ಇಳಿಸಿ, ಡ್ರಿಪ್ ಹಾಕಿ. ಪೂರ್ತಿ ಬಿಡಬೇಡಿ.

ಮುಳಬಾಗಿಲು ಸೀಮೆ:

ಕೆಮ್ಮಣ್ಣು ತಮ್ಮಾ, ನಿಮ್ಮ ಅಮ್ಮ ಹೇಳೋದರ ಕಡೆಗೇ ನನ್ನ ಓಟು. ಆದರೆ ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು. ಒಬ್ಬರೇ ಹಾಕಿದರೆ ಅಕ್ಕಡಿ ಉಳಿಸಿಕೊಳ್ಳೋದು ತುಂಬಾ ಕಷ್ಟ.

ಯಾಕೆ ಅಂತ ಹೇಳ್ತೀನಿ. ರಾಗಿ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತೆ. ನಾಟಿ ಅವರೆ ಹಾಗಲ್ಲ, ಹಗಲು ಕಡಿಮೆಯಾಗಿ ಚಳಿ ಬಿದ್ದ ಮೇಲೇ ಅದು ಹೂ ಬಿಡೋದು. ಸೊಗಡಿನ ಕಾಯಿ ಸಿಗೋದು ಡಿಸೆಂಬರ್, ಜನವರಿಯಲ್ಲಿ. ತೊಗರಿಯೂ ಹೆಚ್ಚುಕಡಿಮೆ ಅಷ್ಟೊತ್ತಿಗೇ. ಅಂದರೆ ರಾಗಿ ಕೊಯ್ದ ಮೇಲೂ ಹೊಲದಲ್ಲಿ ಬೆಳೆ ನಿಂತಿರುತ್ತೆ. ಅಕ್ಕಪಕ್ಕದವರ ಹೊಲ ಮಾತ್ರ ಖಾಲಿ. ಅವರು ಕೂಳೆ ಮೇಯಲಿ ಅಂತ ದನ, ಕುರಿ ಬಿಡುತ್ತಾರೆ. ಅವು ನಿಮ್ಮ ಬದುವಿನ ಹತ್ತಿರ ಬಂದು ನಿಲ್ಲುತ್ತವಾ? ಒಂದು ಸಾಯಂಕಾಲ ಸಾಕು, ಹಸಿರೆಲ್ಲ ಮುಗೀತು.

ನಮ್ಮ ಅಜ್ಜಿ ಕಾಲದಲ್ಲಿ ಎಲ್ಲರ ಹೊಲದಲ್ಲೂ ಅವರೆ ಇತ್ತು. ಹಾಗಾಗಿ ಸಂಕ್ರಾಂತಿ ಕಳೆಯೋವರೆಗೆ ಯಾರೂ ದನ ಬಿಡುತ್ತಿರಲಿಲ್ಲ. ಊರಿಗೆ ಊರೇ ಆ ಮಾತಿಗೆ ನಿಂತಿತ್ತು. ಆಮೇಲೆ ಮೆಷಿನ್ ಬಂತು. ಅದರ ಬಾಯಿಗೆ ರಾಗಿ ಒಂದೇ ಆಗಬೇಕು, ನಡುವೆ ಅವರೆ ಬಳ್ಳಿ ಇದ್ದರೆ ಡ್ರೈವರ್ ಹೊಲಕ್ಕೇ ಇಳಿಯಲ್ಲ. ಕಳೆಗೆ ಟು-ಫೋರ್-ಡಿ ಹೊಡೆಯೋದು ಶುರುವಾಯಿತು. ಅದು ರಾಗಿಯನ್ನ ಬಿಟ್ಟು ಅಗಲ ಎಲೆಯ ಗಿಡವನ್ನೆಲ್ಲ ಸುಡುತ್ತೆ. ಅವರೆ, ತೊಗರಿ, ಅಲಸಂದೆ ಎಲ್ಲ ಅದರಲ್ಲೇ ಹೋದವು. ಕೂಲಿ ಆಳು ಸಿಗದ ಮನೆಯವರು ಇದನ್ನೆಲ್ಲ ಮಾಡಿಕೊಂಡರು, ಅವರನ್ನ ನಾನು ದೂರಲ್ಲ. ಆದರೆ ಅಕ್ಕಡಿ ಹೋದಾಗ ಬೇಳೆಕಾಳಿನ ಜೊತೆ ಆ ಒಪ್ಪಂದವೂ ಹೋಯಿತು. ಸಾವಯವ ಅಂತ ಮಾತಾಡುವವರು ಇದನ್ನ ಹೇಳೋದೇ ಇಲ್ಲ. ಜೀವಾಮೃತ ಹೇಗೆ ಕಲಸಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಪಕ್ಕದ ಹೊಲದವರ ಹತ್ತಿರ ಹೇಗೆ ಮಾತಾಡಬೇಕು ಅಂತ ಯಾರೂ ಹೇಳಿಕೊಡಲ್ಲ.

ನಮ್ಮೂರಲ್ಲಿ ಹೊಲ ಹೊಂದಿಕೊಂಡಿರುವ ಐದು ಮನೆಯವರು ಕೂತು ಮಾತಾಡಿದೆವು. ಎಲ್ಲರೂ ಒಟ್ಟಿಗೆ ಅಕ್ಕಡಿ ಹಾಕೋದು, ಕಳೆಗೆ ಔಷಧಿ ಹೊಡೆಯದಿರೋದು, ಕೊಯ್ಲಿಗೆ ಮುಯ್ಯಾಳು, ಅಂದರೆ ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಬರೋದು. ಕುರಿಯವರ ಜೊತೆ ಜಗಳ ಮಾಡದೆ ಅವರನ್ನೂ ಕರೆದೆವು. ಅವರೆ ಕಿತ್ತ ಮೇಲೆ ನಮ್ಮ ಹೊಲಗಳಲ್ಲೇ ರಾತ್ರಿ ಕುರಿ ಮಂದೆ ಹಾಕಿ, ರಾತ್ರಿಗೆ ಇಷ್ಟು ಅಂತ ರಾಗಿ ಕೊಡ್ತೀವಿ, ಅಲ್ಲಿವರೆಗೆ ಈ ಕಡೆ ಬಿಡಬೇಡಿ ಅಂದೆವು. ಅವರಿಗೂ ಅದೇ ಬೇಕಿತ್ತು. ಈಗ ಹೊಲಕ್ಕೆ ಹಿಕ್ಕೆ ಬೀಳುತ್ತೆ. ದಾರಿ ಬದಿಯ ಅಂಚಿಗೆ ಹುಚ್ಚೆಳ್ಳು ಮತ್ತು ಹರಳು ಗಿಡ ಹಾಕುತ್ತೇವೆ, ಎರಡಕ್ಕೂ ದನ ಬಾಯಿ ಹಾಕಲ್ಲ. ಹುಚ್ಚೆಳ್ಳು ಹೂ ಬಿಟ್ಟಾಗ ಬರುವ ಜೇನು ನೋಡೋದೇ ಒಂದು ಸಂತೋಷ.

ದುಡ್ಡಿನ ಮಾತಿಗೆ ಬರ್ತೀನಿ. ಮಂಡಿ ರಸ್ತೆ ಅಣ್ಣ ಹೇಳಿದ್ದರಲ್ಲಿ ನಿಜ ಇದೆ. ಟೊಮೆಟೊಗೆ ಬೆಲೆ ಬಂದ ವರ್ಷದ ಲಾಭ ಇದರಲ್ಲಿ ಬರಲ್ಲ. ಮಳೆ ಕೈಕೊಡದಿದ್ದರೆ ನಮಗೆ ಎಕರೆಗೆ 7-8 ಕ್ವಿಂಟಲ್ ರಾಗಿ ಆಗುತ್ತೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಹಸಿ ಅವರೆಕಾಯಿ ಸಂಕ್ರಾಂತಿ ಸುಮಾರಿಗೆ ಒಳ್ಳೇ ದುಡ್ಡು ತರುತ್ತೆ. ರಾಗಿ ಹುಲ್ಲು ಹಸುಗಳಿಗೆ ವರ್ಷಪೂರ್ತಿ, ಹಾಲಿನ ಬಟವಾಡೆ ಡೇರಿಯಿಂದ. ಚೂರು ಚೂರಾಗಿ ಬರುತ್ತೆ, ಆದರೆ ಬಡ್ಡಿಗೆ ಹೋಗಲ್ಲ. ಇನ್ನೊಂದು ಬೋರ್ ಮಾತ್ರ ದಯವಿಟ್ಟು ಬೇಡ ತಮ್ಮಾ. ಅದರಲ್ಲಿ ನೀರು ಬಂದರೂ ಪಕ್ಕದ ಬೋರ್‌ನ ನೀರೇ ಇಳಿಯೋದು.

ಕೆಮ್ಮಣ್ಣು:

ಅಕ್ಕಾ, ಕುರಿಯವರ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಮ್ಮ ಪಕ್ಕದ ಎರಡು ಎಕರೆಯನ್ನ ಒಂದು ಮನೆಯವರು ವಾರಕ್ಕೆ, ಅಂದರೆ ಯಜಮಾನರಿಗೆ ಬೆಳೆಯಲ್ಲಿ ಪಾಲು ಕೊಟ್ಟು ಮಾಡುತ್ತಿದ್ದಾರೆ. ಅವರು ಇಂಥದ್ದಕ್ಕೆ ಒಪ್ಪುತ್ತಾರಾ? ಮತ್ತೆ ಸಾಲಿನ ಲೆಕ್ಕ ಹೇಗೆ?

ಒಣಬೇಸಾಯ:

ಸಾಲಿನ ಲೆಕ್ಕ ನಾನು ಹೇಳ್ತೀನಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ 8-10 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲವೇ 8 ಸಾಲಿಗೆ 1 ಸಾಲು ಅವರೆ. ಕೂರಿಗೆ ಬಿತ್ತನೆಗೆ ಎಕರೆಗೆ 4-5 ಕೆ.ಜಿ. ರಾಗಿ ಬೀಜ ಸಾಕು. ತಳಿ ಜಿಪಿಯು-28 ನೋಡಿ, ಬೆಂಕಿ ರೋಗ ತಡೆಯುತ್ತೆ.

ಗೊಬ್ಬರದ ಬಗ್ಗೆ ಒಂದು ಮಾತು. ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದೇ ಜಾಗದಲ್ಲಿ ಮಳೆಯಾಶ್ರಿತ ರಾಗಿಯ ಪ್ರಯೋಗ ನಡೆಸಿಕೊಂಡು ಬಂದಿದ್ದಾರೆ. ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕಿನ ಇಳುವರಿ ವರ್ಷ ಹೋದ ಹಾಗೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕವನ್ನೂ ಕೊಟ್ಟ ತಾಕು ಚೆನ್ನಾಗಿ ನಿಂತಿದೆ. ಟೊಮೆಟೊಗೆ ಜಾಸ್ತಿ ಗೊಬ್ಬರ, ಔಷಧಿ ಕಂಡ ನೆಲ ನಿಮ್ಮದು. ಯೂರಿಯಾ ಮೊದಲ ವರ್ಷವೇ ಪೂರ್ತಿ ನಿಲ್ಲಿಸುವ ಹಟ ಬೇಡ. ಎರಡು ಹಸುವಿನ ಗೊಬ್ಬರ 4 ಎಕರೆಗೆ ಸಾಲಲ್ಲ, ಕುರಿ ಮಂದೆ ಬೇಕೇ ಬೇಕು.

ಮುಳಬಾಗಿಲು ಸೀಮೆ:

ವಾರಕ್ಕೆ ಮಾಡುವವರನ್ನ ಬಿಟ್ಟು ಮಾತಾಡಲೇಬೇಡಿ ತಮ್ಮಾ, ಅವರನ್ನೇ ಮೊದಲು ಕರೆಯಿರಿ. ನಮ್ಮ ಐದು ಮನೆಯಲ್ಲಿ ಎರಡಕ್ಕೆ ಸ್ವಂತ ನೆಲ ಇಲ್ಲ. ಅವರ ಕಷ್ಟ ಬೇರೆ. ಬೆಂಬಲ ಬೆಲೆ ಕೇಂದ್ರದಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ಕೇಳುತ್ತಾರೆ, ಅದು ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ. ಉತ್ತು ಬಿತ್ತಿದವರು ರಾಗಿಯನ್ನ ಹೊರಗಡೆ ಕಡಿಮೆ ಬೆಲೆಗೆ ಕೊಟ್ಟು ಬರಬೇಕು. ನನಗೆ ಇದನ್ನ ನೋಡಿದರೆ ಸಿಟ್ಟು ಬರುತ್ತೆ. ಹೆಂಗಸರ ಕಥೆಯೂ ಇದೇ. ಬೀಜ ಆರಿಸೋದು, ಕಳೆ ತೆಗೆಯೋದು, ಕಾಳು ಬಡಿಯೋದು ಎಲ್ಲ ನಾವು. ಎಷ್ಟು ಜನರ ಹೆಸರಿದೆ ಪಹಣಿಯಲ್ಲಿ? ಮಳೆಬೆಳೆಗೆ ವಾಪಸ್ ಬನ್ನಿ ಅಂತ ಹೇಳೋ ಸರ್ಕಾರ ಮೊದಲು ಬೆಳೆದವರಿಗೆ ಮಾರೋ ದಾರಿ ಮಾಡಲಿ.

ಅಲ್ಲಿವರೆಗೆ ನಾವು ಮಾಡಿಕೊಂಡಿದ್ದು ಇಷ್ಟು. ವಾರದ ಪಾಲಿನಲ್ಲಿ ಅವರೆ, ತೊಗರಿ ಪೂರ್ತಿ ಉತ್ತವರಿಗೆ, ರಾಗಿ ಅರ್ಧ ಅರ್ಧ. ಹುಲ್ಲೂ ಅರ್ಧ. ನೆಲದ ಯಜಮಾನರು ಮೊದಲು ಮುಖ ಗಂಟು ಹಾಕಿಕೊಂಡರು. ಹೊಲ ಬೀಳು ಬಿಡೋದಕ್ಕಿಂತ ವಾಸಿ ಅಂತ ಆಮೇಲೆ ಒಪ್ಪಿದರು.

"ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ನಮ್ಮ ಕಡೆ ಮಾತಿದೆ. ಜೂನ್ ಕೊನೆಯ ಆ ಮಳೆಗೆ ಮುಂಚೆ ನೀವು ಇವರ ಜೊತೆ ಕೂತು ಮಾತು ಮುಗಿಸಿರಬೇಕು. ಅಪ್ಪನಿಗೆ ಒಂದು ಎಕರೆ ಬಿಟ್ಟುಕೊಡಿ, ಕೃಷಿ ಹೊಂಡ ತೆಗೆಸಿ ಅದರ ನೀರಿಗೆ ಎಷ್ಟು ತರಕಾರಿ ಬರುತ್ತೋ ಅಷ್ಟು ಬೆಳೆಯಲಿ. ಉಳಿದ ಮೂರರಲ್ಲಿ ಅಕ್ಕಡಿ ಹಾಕಿ.

ಕೆಮ್ಮಣ್ಣು:

ಭಾನುವಾರ ಪಕ್ಕದ ಮನೆಯವರನ್ನ, ಕುರಿಯವರನ್ನ ಮನೆಗೆ ಕರೀತೀನಿ ಅಕ್ಕಾ. ಅಪ್ಪನೂ ಇರ್ತಾರೆ. ನಾಟಿ ಅವರೆ ಬೀಜ ಎಲ್ಲಿ ಸಿಗುತ್ತೆ? ಅಂಗಡಿಯಲ್ಲಿ ಕೇಳಿದರೆ ಎಲ್ಲಾ ಕಾಲದಲ್ಲೂ ಕಾಯಿ ಬಿಡೋ ಹೆಬ್ಬಾಳ ಅವರೆ ಕೊಡ್ತಾರೆ.

ಮುಳಬಾಗಿಲು ಸೀಮೆ:

ಹೆಬ್ಬಾಳ ಅವರೆ ತರಕಾರಿಗೆ ಸರಿ, ಅಕ್ಕಡಿಗೆ ಬೇಡ. ನಿಮ್ಮ ಅಮ್ಮನ ತವರಲ್ಲಿ ವಿಚಾರಿಸಿ. ಯಾರಾದರೂ ಒಬ್ಬರು ಅಜ್ಜಿ ಬೂದಿ ಹಾಕಿ ಮಡಕೆಯಲ್ಲಿ ಇಟ್ಟಿರುತ್ತಾರೆ. ಸಿಗದಿದ್ದರೆ ಇಲ್ಲೇ ಬರೆಯಿರಿ, ಎರಡು ಸೇರು ನಾನು ಕೊಡ್ತೀನಿ. ಸುಗ್ಗಿ ಆದಮೇಲೆ ನಾಲ್ಕು ಸೇರು ಮಾಡಿ ಇನ್ನೊಬ್ಬರಿಗೆ ಕೊಟ್ಟುಬಿಡಿ, ನನಗೆ ವಾಪಸ್ ಬೇಡ.