23ರ ವಯಸ್ಸಿಗೆ ಸ್ವಂತ ಡಾಕ್ಟರ್ ಬೇಕಾ? ಶಿವಮೊಗ್ಗದಲ್ಲಿ ಹೇಗೆ ಹುಡುಕುವುದು?

ಹೊಸನಗರದ ಹುಡುಗಿ:
ಕೆಲಸ ಸಿಕ್ಕಿ ಶಿವಮೊಗ್ಗಕ್ಕೆ ಬಂದಿದ್ದೇನೆ, ಗೋಪಾಳದಲ್ಲಿ ರೂಮ್. ಊರಲ್ಲಿ ಏನೇ ಆದರೂ ಅಪ್ಪನ ಬೈಕ್ ಹತ್ತಿ ನಮ್ಮ ಡಾಕ್ಟರ್ ಹತ್ತಿರ ಹೋಗುತ್ತಿದ್ದೆ. ಮಾತಾಡುವುದೆಲ್ಲ ಅಪ್ಪನೇ, ನಾನು ನಾಲಿಗೆ ತೋರಿಸಿದರೆ ಮುಗಿಯಿತು. ಈಗ ಆರು ತಿಂಗಳಿಂದ ಪೀರಿಯಡ್ಸ್ ಸರಿಯಾಗಿ ಆಗುತ್ತಿಲ್ಲ, ಸುಸ್ತು ಬೇರೆ. ಆ ಡಾಕ್ಟರ್ ಒಳ್ಳೆಯವರೇ, ಆದರೆ ಅಡಿಕೆ ಮಂಡಿಯಲ್ಲಿ ಅಪ್ಪ ಸಿಕ್ಕರೂ "ಮಗಳು ಹೇಗಿದ್ದಾಳೆ" ಅಂತ ಎಲ್ಲ ಮಾತಾಡುವವರು, ಅವರ ಹತ್ತಿರ ಇದನ್ನು ಹೇಳಲು ಮನಸ್ಸಿಲ್ಲ. ರೂಮ್‌ಮೇಟ್ ಹೇಳುತ್ತಾಳೆ, ತಲೆನೋವಿಗೆ ನ್ಯೂರೋ, ಹೊಟ್ಟೆನೋವಿಗೆ ಗ್ಯಾಸ್ಟ್ರೋ, ನೇರ ಹೋಗು, ಫ್ಯಾಮಿಲಿ ಡಾಕ್ಟರ್ ಎಲ್ಲ ಹಳೇ ಕಾಲ ಅಂತ. ನಿಜವಾ? ಇಲ್ಲ ಅಂದರೆ ಏನು ನೋಡಿ ಆರಿಸಿಕೊಳ್ಳಬೇಕು?

ದುರ್ಗಿಗುಡಿ ದೋಸ್ತ್:
ಗೂಗಲ್‌ನಲ್ಲಿ ಸ್ಟಾರ್ ಜಾಸ್ತಿ ಇರುವ ಕಡೆ ಹೋಗಿ. ಇದಕ್ಕೆಲ್ಲ ಇಷ್ಟು ಯೋಚನೆ ಯಾಕೆ.

ಚೀಟಿ ಓದುವವ:
ಸ್ಟಾರ್ ನೋಡಿದರೆ ಪಾರ್ಕಿಂಗ್ ಇದೆಯಾ, ರಿಸೆಪ್ಷನ್‌ನಲ್ಲಿ ಬೈಯುತ್ತಾರಾ ಅನ್ನುವುದು ಗೊತ್ತಾಗುತ್ತದೆ ಅಷ್ಟೇ. ನಾನು ಮೆಡಿಕಲ್ ಶಾಪ್‌ನಲ್ಲಿ ಕೂರುವವನು, ದಿನವಿಡೀ ಡಾಕ್ಟರುಗಳ ಚೀಟಿ ಓದುವುದೇ ಕೆಲಸ, ಹಾಗಾಗಿ ನನಗೆ ಬೇರೆ ಥರ ಕಾಣುತ್ತದೆ. ಚೀಟಿ ಮೇಲೆ ಡಾಕ್ಟರ್ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು, ಇದು ನಿಯಮ. ಮಾತ್ರೆಯ ಜೆನೆರಿಕ್ ಹೆಸರನ್ನು ಓದಲು ಬರುವ ಹಾಗೆ ಬರೆಯಬೇಕು ಅಂತಲೂ 2016ರಿಂದ ಇದೆ, ಪಾಲಿಸುವವರು ಎಷ್ಟು ಜನ ಅಂತ ಕೇಳಬೇಡಿ. ನಿನ್ನೆ ಶುರುವಾದ ನೆಗಡಿಗೂ ಆ್ಯಂಟಿಬಯಾಟಿಕ್, ಜೊತೆಗೆ ಒಂದು ವಿಟಮಿನ್, ಒಂದು ಗ್ಯಾಸ್ ಮಾತ್ರೆ, ಒಂದು ಸಿರಪ್ ಬರೆಯುವವರು ಇದ್ದಾರೆ. ಎರಡೇ ಮಾತ್ರೆ ಬರೆದು "ಮೂರು ದಿನ ನೋಡಿ, ಕಮ್ಮಿ ಆಗದಿದ್ದರೆ ಬನ್ನಿ" ಅನ್ನುವವರೂ ಇದ್ದಾರೆ. ನನ್ನ ಮನೆಯವರನ್ನು ನಾನು ಕಳಿಸುವುದು ಎರಡನೇ ಥರದವರ ಹತ್ತಿರ. ಜನಕ್ಕೆ ಮಾತ್ರ ಇಂಜೆಕ್ಷನ್ ಹಾಕದ ಡಾಕ್ಟರ್ ಡಾಕ್ಟರೇ ಅಲ್ಲ!

ಇನ್ನೊಂದು, ನಮ್ಮ ಕಡೆಗೆ ಮುಖ್ಯವಾದದ್ದು. ಜ್ವರ ಅಂತ ಹೋದಾಗ "ಊರಿಗೆ ಹೋಗಿದ್ರಾ, ಕಾಡು ತೋಟ ಓಡಾಡಿದ್ರಾ, ಉಣುಗು ಕಚ್ಚಿದೆಯಾ" ಅಂತ ಕೇಳಬೇಕು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಚಳಿಗಾಲದಿಂದ ಬೇಸಿಗೆ ತನಕ ಅದರ ಕಾಟ, ಮಳೆಗಾಲದಲ್ಲಿ ಇಲಿ ಜ್ವರ, ಡೆಂಗ್ಯೂ. ಮಂಗನ ಕಾಯಿಲೆ, ಡೆಂಗ್ಯೂ ಎರಡರಲ್ಲೂ ರಕ್ತಸ್ರಾವದ ಭಯ ಇರುತ್ತದೆ, ಅದಕ್ಕೇ ಡೈಕ್ಲೋಫೆನಾಕ್, ಆಸ್ಪಿರಿನ್ ಥರದ ನೋವಿನ ಔಷಧಿ ಬೇಡ, ಪ್ಯಾರಾಸಿಟಮಾಲ್ ಸಾಕು ಅನ್ನುವುದು. ಇಷ್ಟು ಕೇಳದೆ ಮೈಕೈ ನೋವು ಅಂದ ತಕ್ಷಣ ಸೊಂಟಕ್ಕೆ ಸೂಜಿ ಚುಚ್ಚುವವರನ್ನು ನಾನಂತೂ ನಂಬುವುದಿಲ್ಲ.

ಸಾಗರ ರೋಡ್ ಅಕ್ಕ:
ಮೇಲಿನವರ ಮಾತಿಗೆ ನನ್ನ ಒಂದು ಓಟು. ಮಾರಾಯ್ತಿ, ನಿನ್ನ ರೂಮ್‌ಮೇಟ್ ಹೇಳಿದ್ದು ತಪ್ಪು ಅಂತಲ್ಲ, ನಮ್ಮಲ್ಲಿ ಯಾರ ಚೀಟಿಯೂ ಇಲ್ಲದೆ ನೇರ ಸ್ಪೆಷಲಿಸ್ಟ್ ಹತ್ತಿರ ಹೋಗಬಹುದು. ಆದರೆ ನಿನ್ನದನ್ನೇ ನೋಡು. ಪೀರಿಯಡ್ಸ್ ತಪ್ಪುವುದು, ಸುಸ್ತು. ಥೈರಾಯ್ಡ್ ಇರಬಹುದು, ರಕ್ತ ಕಮ್ಮಿ ಇರಬಹುದು, ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದರೆ) ಇರಬಹುದು, ಹೊಸ ಕೆಲಸದ ಒತ್ತಡ, ಊಟ ನಿದ್ದೆ ಸರಿ ಇಲ್ಲದ್ದೂ ಇರಬಹುದು. ಇದರಲ್ಲಿ ಯಾವುದು ಅಂತ ಗೊತ್ತಾಗುವ ಮೊದಲೇ ಯಾವ ಸ್ಪೆಷಲಿಸ್ಟ್ ಅಂತ ನೀನು ಹೇಗೆ ಆರಿಸುತ್ತೀ? ಒಬ್ಬ ಜನರಲ್ ಡಾಕ್ಟರ್ ಮೊದಲ ರಕ್ತ ಪರೀಕ್ಷೆಗಳನ್ನು ಮಾಡಿಸಿ, ಬೇಕಾದರೆ ಲೇಡಿ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಎಂಬಿಬಿಎಸ್ ಆದರೂ ಸರಿ, ಎಂಡಿ ಜನರಲ್ ಮೆಡಿಸಿನ್ ಆದರೂ ಸರಿ, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ (ಎಂಡಿಗೆ ಸಮನಾದ ಪದವಿ) ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದು.

ಅಪ್ಪನ ವಿಷಯ. ನಿನಗೆ 18 ದಾಟಿದೆ. ಪೇಷಂಟ್ ಹೇಳಿದ ಗುಟ್ಟನ್ನು ಡಾಕ್ಟರ್ ಬೇರೆಯವರಿಗೆ ಹೇಳಬಾರದು ಅಂತ ಅವರ ನಡತೆಯ ನಿಯಮದಲ್ಲೇ ಬರೆದಿದೆ. ಕೋರ್ಟ್ ಕೇಳಿದರೆ, ಬೇರೆಯವರಿಗೆ ಅಪಾಯ ಇದ್ದರೆ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಆದರೆ ಮಾತ್ರ ಬೇರೆ ಮಾತು. ಮೊದಲ ದಿನವೇ "ಮನೆಯವರು ಫೋನ್ ಮಾಡಿದರೂ ಹೇಳಬೇಡಿ ಡಾಕ್ಟ್ರೇ" ಅಂತ ನೇರ ಹೇಳು. ಅದಕ್ಕೆ ನಕ್ಕು ಬುದ್ಧಿ ಹೇಳಲು ಶುರು ಮಾಡಿದರೆ ಎದ್ದು ಬಾ. ಮದುವೆ ಯಾವಾಗ ಅಂತ ಕೇಳಿದರೂ ಎದ್ದು ಬಾ.

ದುರ್ಗಿಗುಡಿ ದೋಸ್ತ್:
ಹಾಗಾದರೆ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋದರೆ ಆಯಿತಲ್ಲ, ಖರ್ಚೂ ಕಮ್ಮಿ, ಎಲ್ಲ ವಿಭಾಗವೂ ಒಂದೇ ಕಡೆ.

ಚೀಟಿ ಓದುವವ:
ದೊಡ್ಡ ತೊಂದರೆಗೆ, ಸ್ಕ್ಯಾನಿಂಗ್‌ಗೆ ಮೆಗ್ಗಾನ್ ಸರಿ. ಆದರೆ ಅದು ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಓಪಿಡಿಯಲ್ಲಿ ಇವತ್ತು ನೋಡಿದವರೇ ಮುಂದಿನ ಸಲವೂ ಸಿಗುತ್ತಾರೆ ಅಂತ ಇಲ್ಲ, ಪ್ರತಿ ಸಲ ಕಥೆ ಮೊದಲಿಂದ ಹೇಳಬೇಕು. ಇವರು ಕೇಳುತ್ತಿರುವುದು ತಮ್ಮನ್ನು ಗುರುತು ಹಿಡಿಯುವ ಡಾಕ್ಟರ್ ಬಗ್ಗೆ ಅಲ್ವಾ. ದುಡ್ಡೇ ಚಿಂತೆ ಆದರೆ 2022ರ ಕೊನೆಗೆ ಶುರುವಾದ ಸರ್ಕಾರದ "ನಮ್ಮ ಕ್ಲಿನಿಕ್"ಗಳಿವೆ, ಎಂಬಿಬಿಎಸ್ ಡಾಕ್ಟರ್ ನೋಡುತ್ತಾರೆ, ಪುಕ್ಕಟೆ. ಅಲ್ಲಿನ ಸಮಯ ಮೊದಲೇ ಕೇಳಿಕೊಳ್ಳಿ, ನಿಮ್ಮ ಕೆಲಸದ ಹೊತ್ತಿಗೆ ಹೊಂದಬೇಕಲ್ಲ.

ಹೊಸನಗರದ ಹುಡುಗಿ:
ತುಂಬಾ ಥ್ಯಾಂಕ್ಸ್. ರೂಮಿನ ಹತ್ತಿರವೇ ಒಬ್ಬ ಮೇಡಂ ಸಂಜೆ ಕ್ಲಿನಿಕ್ ಇಟ್ಟಿದ್ದಾರೆ, ಶನಿವಾರ ಹೋಗುತ್ತೇನೆ. ಹೋಗುವಾಗ ಏನು ತಗೊಂಡು ಹೋಗಲಿ? ಹಳೇ ಚೀಟಿಗಳೆಲ್ಲ ಊರಿನ ಡಾಕ್ಟರ್ ಹತ್ತಿರವೇ ಇವೆ.

ಸಾಗರ ರೋಡ್ ಅಕ್ಕ:
ಕಳೆದ ಆರು ತಿಂಗಳ ಪೀರಿಯಡ್ಸ್ ತಾರೀಕು ಬರೆದುಕೊಂಡು ಹೋಗು, ಮೊದಲು ಕೇಳುವುದೇ ಅದು. ಮನೆಯಲ್ಲಿ ಯಾರಿಗೆ ಶುಗರ್, ಬಿಪಿ, ಥೈರಾಯ್ಡ್ ಅಂತ ಅಮ್ಮನ ಹತ್ತಿರ ಸುಮ್ನೆ ಮಾತಿನ ಮಧ್ಯೆ ಕೇಳಿಕೋ. ಯಾವುದಾದರೂ ಮಾತ್ರೆ ಮೈಗೆ ಆಗದಿದ್ದರೆ ಅದನ್ನೂ ಹೇಳು. ನಿನ್ನ ರೆಕಾರ್ಡ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ. ನಿನ್ನ ಕೇಸಲ್ಲಿ ನಿಯಮ ತೋರಿಸುವುದೇನೂ ಬೇಡ, "ಕೆಲಸದ ಕಡೆ ಬೇಕು" ಅಂದರೆ ಅವರೇ ಖುಷಿಯಿಂದ ಕೊಡುತ್ತಾರೆ. ಕೊಟ್ಟದ್ದನ್ನು ಅಪ್ಪನ ಕೈಲಿ ಮಾತ್ರ ಕಳಿಸಬೇಡಿ ಅಂತ ಹೇಳು.