ಅಪ್‌ಡೇಟ್: ಬಂಗುಡೆಯಲ್ಲಿ ಸಿಕ್ಕ ಹುಳು ಯಾವುದು ಅಂತ ಗೊತ್ತಾಯಿತು

ಹೋದ ವಾರ ದಾವಣಗೆರೆಯಲ್ಲಿ ತಂದ ಬಂಗುಡೆಯ ಹೊಟ್ಟೆಯಲ್ಲಿ ಬಿಳಿ ಹುಳು, ಕಿವಿರಿನಲ್ಲಿ ಒಂದು ಪುಟ್ಟ ಜೀವಿ ಸಿಕ್ಕಿತ್ತು. ತಿನ್ನಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ.

ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿರುವ ನಮ್ಮ ಅಕ್ಕನ ಮಗಳಿಗೆ ಫೋಟೊ ಕಳಿಸಿದೆ. ಕಿವಿರಿನಲ್ಲಿದ್ದದ್ದು ಐಸೊಪಾಡ್, ಅಂದರೆ ಸೀಗಡಿ, ಏಡಿಗಳ ಬಳಗದ ಒಂದು ಪುಟ್ಟ ಪರಾವಲಂಬಿ. ಏಳು ಜೊತೆ ಕೊಕ್ಕೆಯಂಥ ಕಾಲು ನೋಡಿಯೇ ಹೇಳಿದಳು. ಅದು ಮೀನಿಗಷ್ಟೇ ಕಾಟ, ನಮಗೇನೂ ಮಾಡುವುದಿಲ್ಲ. ಕಿತ್ತು ಬಿಸಾಡಿದರೆ ಸಾಕು.

ಬಿಳಿ ಹುಳು ಮಾತ್ರ ಹಾಗಲ್ಲ. ಕರುಳಿನ ಮೇಲೆ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿಕೊಂಡಿತ್ತು. ಬಿಡಿಸಿ ಅಳೆದರೆ ಸುಮಾರು 2 ಸೆಂಟಿಮೀಟರ್. ಅನಿಸಾಕಿಸ್ (ಸಮುದ್ರದ ಮೀನಿನಲ್ಲಿರುವ, ಜೀವಂತವಾಗಿ ಹೊಟ್ಟೆಗೆ ಹೋದರೆ ನಮಗೂ ತೊಂದರೆ ಕೊಡುವ ಹುಳು) ಗುಂಪಿನ ಮರಿಹುಳು ಇರಬೇಕು, ಪಕ್ಕಾ ಹೇಳಲು ಮೈಕ್ರೋಸ್ಕೋಪ್ ಬೇಕು ಅಂದಳು. ಮೀನು ಸತ್ತ ಮೇಲೆ ಇವು ಕರುಳಿನಿಂದ ಮಾಂಸಕ್ಕೆ ನುಗ್ಗಬಹುದಂತೆ. ನಮ್ಮೂರಿಗೆ ಮೀನು ಐಸ್‌ನಲ್ಲಿ ಘಟ್ಟ ಹತ್ತಿ ಬರುತ್ತೆ, ಅಷ್ಟು ಹೊತ್ತು ಹೊಟ್ಟೆ ಹಾಗೇ ಇರುತ್ತೆ ಅಲ್ವಾ? ಅದಕ್ಕೇ ಈಗ ತಂದ ತಕ್ಷಣ ಸೀಳಿ ತೊಳೆಯುತ್ತೇನೆ. ಹೊಟ್ಟೆಯ ಪಕ್ಕದ ಮಾಂಸವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ.

ಉಪ್ಪು, ನಿಂಬೆರಸ ಹಚ್ಚಿಟ್ಟರೆ ಹುಳು ಸಾಯುತ್ತೆ ಅಂತ ನಂಬಬೇಡಿ. ಮೀನು ಒಳಗಿನ ತನಕ 63 ಡಿಗ್ರಿ ಬಿಸಿಯಾಗಬೇಕು. ಚೆನ್ನಾಗಿ ಕುದಿಸಿದ ಸಾರಿಗೆ ಭಯವಿಲ್ಲ. ದಪ್ಪ ತುಂಡನ್ನು ಹುರಿಯುವಾಗ ಮುಳ್ಳಿನ ಹತ್ತಿರವೂ ಬೆಂದಿದೆಯಾ ನೋಡಿ. ಕೆಲವರಿಗೆ ಸತ್ತ ಹುಳುವಿನಿಂದಲೂ ಅಲರ್ಜಿ ಆಗುತ್ತೆ. ಮೀನು ತಿಂದ ಮೇಲೆ ಮೈ ದದ್ದು ಎದ್ದರೆ ಡಾಕ್ಟರಿಗೆ ಹುಳುವಿನ ವಿಷಯವನ್ನೂ ಹೇಳಿ.

ಆ ಬಂಗುಡೆಯನ್ನು ಸಾರು ಮಾಡಿ ತಿಂದೆವು. ಎಲ್ಲರೂ ಆರಾಮಾಗಿದ್ದೇವೆ.