ಸೆಪರೇಟ್ಸ್ ತಗೊಳ್ಳೋದಾ, ಇಲ್ಲಾ ಒಂದೇ ಎವಿ ರಿಸೀವರ್ ಸಾಕಾ? ಹಾಡು ಜಾಸ್ತಿ, ಸಿನಿಮಾ ಕಮ್ಮಿ

ನಾದಪ್ರಿಯ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಇದೇ ತಲೇಲಿ ಓಡ್ತಾ ಇದೆ, ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ, ಅದಕ್ಕೆ ಕೇಳೇಬಿಡೋಣ ಅಂತ ಬಂದೆ. ಸದ್ಯಕ್ಕೆ ನನ್ನ ಹತ್ರ ಇರೋದು ಒಂದು ಹಳೇ ಸ್ಟೀರಿಯೋ ಆಂಪ್, ಎರಡು ಬುಕ್‌ಶೆಲ್ಫ್ ಸ್ಪೀಕರ್. ಹಾಡು ಕೇಳಕ್ಕೆ ನಂಗೆ ಇದ್ರಲ್ಲಿ ಒಂದು ಕೊರತೆನೂ ಕಾಣ್ಸಿಲ್ಲ, ರಾತ್ರಿ ಎಲ್ಲರೂ ಮಲಗಿದ ಮೇಲೆ ಸಣ್ಣಗೆ ಹಾಕಿದ್ರೆ ಹಾಡೋರು ಉಸಿರು ತಗೊಳ್ಳೋದೂ ಕೇಳತ್ತೆ.

ತೊಂದರೆ ಶುರುವಾಗಿದ್ದು ಟಿವಿನೂ ಅದಕ್ಕೇ ಸೇರಿಸಿದ ಮೇಲೆ. ಅಪ್ಪ ಸಿನಿಮಾ ನೋಡುವಾಗ ಮಾತೇ ಕೇಳ್ಸಲ್ಲ ಅಂತ ವಾಲ್ಯೂಮ್ ಏರಿಸ್ತಾರೆ, ಅಷ್ಟರಲ್ಲಿ ಫೈಟ್ ಬರತ್ತೆ, ಮನೆಯೆಲ್ಲಾ ಅದುರತ್ತೆ, ಓಡಿ ಬಂದು ಇಳಿಸ್ಬೇಕು. ಸೋಫಾದ ಎಡಗಡೆ ತುದೀಲಿ ಕೂತ್ರೆ ಮಾತೆಲ್ಲಾ ಎಡಗಡೆ ಸ್ಪೀಕರಿಂದಾನೇ ಬಂದಂಗೆ ಇರತ್ತೆ, ಪರದೆ ಮಧ್ಯದಿಂದ ಬರಲ್ಲ. ಅದಕ್ಕೆ 5.1, ಅಂದ್ರೆ ಸುತ್ತ ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್ ವೂಫರ್, ಮಾಡೋಣ ಅಂತ.

ಒಬ್ರು ಹೇಳ್ತಾರೆ ಎಲ್ಲಾ ಒಂದೇ ಡಬ್ಬದಲ್ಲಿರೋ ರಿಸೀವರ್ ತಗೊಂಡ್ರೆ ಹಾಡು ಸತ್ತೋಗತ್ತೆ, ಸೆಪರೇಟ್ಸ್ ತಗೋ, ಅಂದ್ರೆ ಸೌಂಡ್ ಬಿಡಿಸೋ ಪ್ರೊಸೆಸರ್ ಬೇರೆ, ಸ್ಪೀಕರ್ ಓಡಿಸೋ ಪವರ್ ಆಂಪ್ ಬೇರೆ ಅಂತ. ಇನ್ನೊಬ್ರು ಹೇಳ್ತಾರೆ ಅದೆಲ್ಲಾ ದುಡ್ಡು ದಂಡ ಅಂತ. ರೂಮ್ ಹನ್ನೆರಡು ಅಡಿಗೆ ಹದಿನೈದು, ಸ್ಪೀಕರಿಂದ ಕೂರೋ ಜಾಗ ಸುಮಾರು ಮೂರು ಮೀಟರ್. ಒಂದೇ ರಿಮೋಟ್‌ನಲ್ಲಿ ಕೆಲಸ ಆಗ್ಬೇಕು, ಅಪ್ಪನಿಗೆ ನಾಲ್ಕು ಡಬ್ಬ ಆನ್ ಮಾಡು ಅಂತ ಹೇಳಕ್ಕಾಗಲ್ಲ. ಏನ್ಮಾಡ್ಲಿ?

ಮೂರನೇಸಾಲು:

ರಿಸೀವರ್ ತಗೊಳ್ಳಿ, ಯೋಚನೆ ಬೇಡ. ನಿಮ್ಮ ಅಪ್ಪನ ಸಮಸ್ಯೆಗೆ ಉತ್ತರ ಸೆಂಟರ್ ಸ್ಪೀಕರ್. ಸಿನಿಮಾದಲ್ಲಿ ಮಾತು ಹೆಚ್ಚುಕಮ್ಮಿ ಪೂರ್ತಿ ಸೆಂಟರ್ ಚಾನೆಲ್‌ನಲ್ಲೇ ಇರತ್ತೆ, ರಿಸೀವರ್ ಇದ್ರೆ ಅದೊಂದನ್ನೇ ಎರಡು ಮೂರು ಡಿಬಿ ಎತ್ತಬಹುದು, ಉಳಿದಿದ್ದು ಇದ್ದಂಗೇ ಇರತ್ತೆ. ರಾತ್ರಿ ಹೊತ್ತು ಫೈಟ್ ಸದ್ದು ತಗ್ಗಿಸೋ ಡೈನಮಿಕ್ ರೇಂಜ್ ಸೆಟಿಂಗೂ ಇರತ್ತೆ. ಟಿವಿ ಜೊತೆ ಎಚ್‌ಡಿಎಂಐ ಕೇಬಲ್ ಹಾಕಿ ಸಿಇಸಿ ಆನ್ ಮಾಡಿದ್ರೆ ಟಿವಿ ರಿಮೋಟೇ ಸಾಕು, ಟಿವಿ ಎದ್ರೆ ರಿಸೀವರೂ ಏಳತ್ತೆ.

ಸೆಂಟರ್ ಸ್ಪೀಕರ್‌ನ ಮಾತ್ರ ಶೆಲ್ಫ್ ಒಳಗೆ ತಳ್ಳಿ ಇಡ್ಬೇಡಿ. ನಾನು ಒಂದು ವರ್ಷ ಹಂಗೇ ಇಟ್ಟಿದ್ದೆ, ಮಾತು ಕೊಡಪಾನದೊಳಗಿಂದ ಬಂದಂಗೆ ಇತ್ತು. ಶೆಲ್ಫ್ ಅಂಚಿಗಿಂತ ಒಂದು ಬೆರಳು ಮುಂದೆ ಎಳೆದು, ಕೆಳಗೆ ರಬ್ಬರ್ ತುಂಡು ಇಟ್ಟು ಮುಖ ಕಿವಿ ಕಡೆ ಎತ್ತಿದೆ, ಅವತ್ತೇ ಸರಿಹೋಯ್ತು.

ಎರಡುಕಿವಿ:

ಮೇಲಿನವರು ಹೇಳಿದ್ದು ಸಿನಿಮಾಗೆ ಸರಿ, ಆದ್ರೆ ಕೇಳಿದವರು ಹಾಡು ಜಾಸ್ತಿ ಅಂತ ತಲೆಬರಹದಲ್ಲೇ ಬರೆದಿದಾರೆ ಅಲ್ವಾ. ಒಂದೇ ಡಬ್ಬದಲ್ಲಿ ಡಿಕೋಡರ್, ಏಳು ಆಂಪ್, ವೈಫೈ, ವಿಡಿಯೋ ಬೋರ್ಡ್ ಎಲ್ಲಾ ತುಂಬಿಸಿ, ಎಲ್ಲಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್ ಕೊಟ್ರೆ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡೀಲೇಬೇಕು. ಸ್ಪೆಕ್ ಹಾಳೆ ಸರಿಯಾಗಿ ಓದಿ. ಡಬ್ಬದ ಮೇಲೆ ದೊಡ್ಡದಾಗಿ 150 ವ್ಯಾಟ್ ಅಂತ ಇರತ್ತೆ, ಕೆಳಗೆ ಸಣ್ಣಕ್ಷರದಲ್ಲಿ 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್, 10 ಪರ್ಸೆಂಟ್ ಡಿಸ್ಟಾರ್ಶನ್ ಅಂತ. ನೀವು ನೋಡ್ಬೇಕಾದ್ದು 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಓಡ್ತಿರುವಾಗ ಎಷ್ಟು ಅನ್ನೋ ಲೈನ್. ಅಲ್ಲಿ ಅದೇ ಡಬ್ಬ 80 ವ್ಯಾಟ್‌ಗೆ ಇಳಿದಿರತ್ತೆ. ಎಲ್ಲಾ ಚಾನೆಲ್ ಒಟ್ಟಿಗೆ ಓಡಿದ್ರೆ ಇನ್ನೂ ಕಮ್ಮಿ.

ನನ್ನ ಸಲಹೆ ಏನಂದ್ರೆ ನಿಮ್ಮ ಸ್ಟೀರಿಯೋ ಬಿಡಬೇಡಿ. ಹಾಡಿಗೆ ಅದೇ ಇರ್ಲಿ. ನಂಗೆ ಕಿವಿಗೆ ಗೊತ್ತಾಗಿದೆ, ಇದನ್ನ ನಾನು ಮನಸಾರೆ ಹೇಳ್ತಿದೀನಿ.

ಬೆಸುಗೆಕಡ್ಡಿ:

ನಾನು ಆಂಪ್ ರಿಪೇರಿ ಮಾಡೋನು, ಎರಡೂ ತರದ ಡಬ್ಬ ದಿನಾ ಬಿಚ್ತೀನಿ, ಸ್ವಲ್ಪ ಉದ್ದ ಆಗತ್ತೆ, ಓದಿ.

ಮೊದ್ಲು ವ್ಯಾಟ್ ವಿಷಯ. ಎರಡುಕಿವಿ ಅವರು ಸಣ್ಣಕ್ಷರದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ, ಆದ್ರೆ ಅದ್ರಿಂದ ನಿಮಗೆ ಪವರ್ ಸಾಲಲ್ಲ ಅಂತ ಆಗಲ್ಲ. ಲೆಕ್ಕ ನೀವೇ ಹಾಕಿ. ಸ್ಪೀಕರ್ ಸೆನ್ಸಿಟಿವಿಟಿ 88 ಡಿಬಿ ಅಂದ್ರೆ 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 88 ಡಿಬಿ. ದೂರ ಎರಡು ಪಟ್ಟು ಆದ್ರೆ 6 ಡಿಬಿ ಹೋಗತ್ತೆ, ಮೂರು ಮೀಟರ್‌ಗೆ ಸುಮಾರು ಒಂಬತ್ತೂವರೆ ಡಿಬಿ ಹೋಗಿ 78 ಚಿಲ್ಲರೆ ಉಳಿಯತ್ತೆ. ಇದು ಬಯಲಿನ ಲೆಕ್ಕ, ರೂಮ್ ಒಳಗೆ ಗೋಡೆಯಿಂದ ವಾಪಸ್ ಬರೋದ್ರಿಂದ ಇನ್ನೂ ಸ್ವಲ್ಪ ಜಾಸ್ತಿನೇ ಸಿಗತ್ತೆ. ನೀವು ಸರಾಸರಿ 75 ಡಿಬಿನಲ್ಲಿ ನೋಡ್ತೀರಾ ಅಂದ್ಕೊಳ್ಳಿ, ಅದಕ್ಕೆ ಅರ್ಧ ವ್ಯಾಟೂ ಬೇಡ. ಬಾಂಬ್ ಸಿಡಿಯೋ ಸೀನ್‌ನಲ್ಲಿ 20 ಡಿಬಿ ಮೇಲೆ ಹೋದ್ರೆ ನೂರು ಪಟ್ಟು ಬೇಕು, ಅಂದ್ರೆ ಸುಮಾರು 45 ವ್ಯಾಟ್, ಅದೂ ಒಂದು ಕ್ಷಣಕ್ಕೆ. 80 ವ್ಯಾಟ್ ರಿಸೀವರ್ ಆರಾಮಾಗಿ ಕೊಡತ್ತೆ. ಅದನ್ನ ಬಿಟ್ಟು 160 ವ್ಯಾಟ್ ಪವರ್ ಆಂಪ್ ತಂದ್ರೆ ಸಿಗೋದು ಬರೀ 3 ಡಿಬಿ.

ಜೊತೆಗೆ ಸಬ್ ವೂಫರ್ ಹಾಕಿ ಉಳಿದ ಸ್ಪೀಕರ್‌ನೆಲ್ಲಾ ಸ್ಮಾಲ್ ಅಂತ ಸೆಟ್ ಮಾಡಿ ಕ್ರಾಸ್‌ಓವರ್ (ಬೇಸ್‌ನ ಬೇರೆ ಮಾಡೋ ಗೆರೆ) 80 ಹರ್ಟ್ಸ್‌ಗೆ ಇಟ್ರೆ, ಆಂಪ್‌ನ ಪವರ್ ಹೀರೋ ಬೇಸ್ ಎಲ್ಲಾ ಸಬ್ ವೂಫರ್‌ನ ಸ್ವಂತ ಆಂಪ್‌ಗೆ ಹೋಗತ್ತೆ. ರಿಸೀವರ್ ಮೇಲಿನ ಭಾರ ಅಲ್ಲೇ ಇಳಿದೋಗತ್ತೆ. ಸ್ಪೀಕರ್ 4 ಓಮ್ ಇದ್ದು ಸೆನ್ಸಿಟಿವಿಟಿ 84 ಡಿಬಿ ತರ ಇದ್ರೆ, ಇಲ್ಲಾ ರೂಮ್ ದೊಡ್ಡ ಹಾಲ್ ಆಗಿದ್ರೆ, ಆಗ ಬೇರೆ ಪವರ್ ಆಂಪ್‌ಗೆ ಅರ್ಥ ಇದೆ.

ಇನ್ನು ಬಾಳಿಕೆ. ನನ್ನ ಟೇಬಲ್ ಮೇಲೆ ಬರೋ ರಿಸೀವರ್‌ಗಳಲ್ಲಿ ಆಂಪ್ ಭಾಗ ಸಾಯೋದು ಕಮ್ಮಿ, ಸಾಯೋದು ಎಚ್‌ಡಿಎಂಐ ಬೋರ್ಡು. ಹೋದ ವಾರ ಒಂದು ಬಂತು, ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಐದಾರು ವರ್ಷ ಇದ್ದಿದ್ದು. ಮೇಲಿನ ತಗಡು ತೆಗೆದ್ರೆ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ತರ ಕೂತಿದೆ, ಸರಿಯಾಗಿ ಅದರ ಮೇಲ್ಗಡೆನೇ ಎಚ್‌ಡಿಎಂಐ ಬೋರ್ಡು, ಬಿಸಿಗೆ ಬೋರ್ಡ್ ಬಣ್ಣ ಕಂದು ತಿರುಗಿತ್ತು. ಒಂದು ಪೋರ್ಟೂ ಕೆಲಸ ಮಾಡ್ತಿರಲಿಲ್ಲ, ಆದ್ರೆ ಅನಲಾಗ್ ಇನ್‌ಪುಟ್ ಕೊಟ್ರೆ ಸ್ಪೀಕರ್‌ನಲ್ಲಿ ಸೌಂಡ್ ಸ್ವಚ್ಛವಾಗಿ ಬರ್ತಿತ್ತು. ಆಪ್ಟಿಕಲ್ ಕೇಬಲ್ ಹಾಕ್ಕೊಟ್ಟು ಕಳಿಸಿದೆ, 5.1 ಡಾಲ್ಬಿ ಡಿಜಿಟಲ್ ಬರತ್ತೆ, ಅದಕ್ಕಿಂತ ಮೇಲಿನ ಟ್ರೂಎಚ್‌ಡಿ, ತಲೆ ಮೇಲಿಂದಲೂ ಸೌಂಡ್ ಬರೋ ಅಟ್ಮಾಸ್ ಬರಲ್ಲ. ದಯವಿಟ್ಟು ಮೇಲ್ಗಡೆ ಒಂದು ಗೇಣು ಜಾಗ ಬಿಡಿ, ಅದರ ಮೇಲೆ ಸೆಟ್ ಟಾಪ್ ಬಾಕ್ಸ್ ಇಡ್ಬೇಡಿ.

ಹಳೇದಾಗೋದೂ ಇದೇ ಭಾಗ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಎಆರ್‌ಸಿ (ಟಿವಿ ಸೌಂಡ್ ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ವಾಪಸ್ ಕಳಿಸೋದು) ಬಂತು, 2013ರಲ್ಲಿ 2.0, 2017ರಲ್ಲಿ 2.1 ಜೊತೆ ಅದರ ಸುಧಾರಿಸಿದ ರೂಪ ಇಎಆರ್‌ಸಿ. ಮಧ್ಯದಲ್ಲಿ 2014ರಲ್ಲಿ ಮನೆಗೆ ಅಟ್ಮಾಸ್. ಒಂದೊಂದು ಸಲಕ್ಕೂ ಹಳೇ ಡಬ್ಬ ಹಿಂದೆ ಬಿತ್ತು. ಜನ ಮರೆಯೋದು ಏನಂದ್ರೆ ಸೆಪರೇಟ್ಸ್‌ನಲ್ಲಿ ಪ್ರೊಸೆಸರೂ ಇದೇ ತರ ಹಳೇದಾಗತ್ತೆ, ಅದ್ರಲ್ಲೂ ಇದೇ ಎಚ್‌ಡಿಎಂಐ. ಹಳೇದಾಗದೇ ಇರೋದು ಪವರ್ ಆಂಪು, ಸ್ಪೀಕರು. ಹಾಗಾಗಿ ದುಡ್ಡು ಮೊದ್ಲು ಸ್ಪೀಕರ್‌ಗೆ ಹೋಗ್ಲಿ, ರಿಸೀವರ್ ಮಧ್ಯಮದ್ದು ಸಾಕು.

ಎರಡುಕಿವಿ:

ಬೆಸುಗೆಕಡ್ಡಿ ಅವರೇ, ಲೆಕ್ಕ ಒಪ್ಪಿದೆ. ಹಾಡಿನ ವಿಷಯದಲ್ಲಿ ಮಾತ್ರ ಒಪ್ಪಲ್ಲ, ಆದ್ರೆ ಎರಡೂ ಉಳಿಸ್ಕೊಳ್ಳೋ ದಾರಿ ಇದೆ. ರಿಸೀವರ್ ಹಿಂದೆ ಫ್ರಂಟ್ ಪ್ರೀ ಔಟ್ (ಎಡ ಬಲದ ಸಿಗ್ನಲ್‌ನ ಬೇರೆ ಆಂಪ್‌ಗೆ ಕೊಡೋ ತೂತು) ಇದ್ರೆ ಅಲ್ಲಿಂದ ಎರಡು ಆರ್‌ಸಿಎ ಕೇಬಲ್ ಎಳೆದು ಸ್ಟೀರಿಯೋ ಆಂಪ್‌ನ ಹೋಮ್ ಥಿಯೇಟರ್ ಬೈಪಾಸ್‌ಗೆ ಹಾಕಿ. ಸಿನಿಮಾ ಟೈಮಲ್ಲಿ ಸ್ಟೀರಿಯೋ ಆಂಪ್ ಬರೀ ಪವರ್ ಆಂಪ್ ಆಗಿ ಎಡ ಬಲ ಓಡಿಸತ್ತೆ, ವಾಲ್ಯೂಮ್ ಎಲ್ಲಾ ರಿಸೀವರ್ ಕೈಲಿ. ಹಾಡು ಕೇಳುವಾಗ ರಿಸೀವರ್ ಆಫ್.

ಹಳೇ ಆಂಪ್‌ನಲ್ಲಿ ಬೈಪಾಸ್ ಇಲ್ಲಾಂದ್ರೆ ಆಕ್ಸ್‌ಗೆ ಹಾಕಿ, ನಾಬ್ ಮೇಲೆ ಒಂದು ಗುರುತು ಮಾಡ್ಕೊಂಡು ಪ್ರತಿ ಸಲ ಅಲ್ಲಿಗೇ ತಿರುಗಿಸ್ಬೇಕು. ಯಾರಾದ್ರೂ ಫುಲ್ ತಿರುಗಿಸಿಟ್ಟಿದ್ರೆ ಸ್ಪೀಕರ್ ಹೋಗಬಹುದು, ಹುಷಾರು. ಕೇಬಲ್ ಹಾಕಿದ ಮೇಲೆ ಮೈಕ್ ಇಟ್ಟು, ಸ್ಪೀಕರ್‌ಗಳನ್ನ ರೂಮ್‌ಗೆ ತಕ್ಕಂಗೆ ತಾನೇ ಹೊಂದಿಸೋ ಆಡಿಸ್ಸಿನೋ ವೈಪಿಎಒನೋ ಯಾವುದಿದ್ಯೋ ಅದನ್ನ ಮತ್ತೆ ರನ್ ಮಾಡಿ, ಆಂಪ್ ಗೇನ್ ಬೇರೆ ಇರತ್ತಲ್ಲ. ಇನ್ನೊಂದು, ಸ್ಟೀರಿಯೋ ಆಂಪ್‌ನಲ್ಲಿ ಹಾಡು ಹಾಕಿದಾಗ ಸಬ್ ವೂಫರ್ ಸುಮ್ನೆ ಕೂತಿರತ್ತೆ, ಅದಕ್ಕೆ ಸ್ಪೀಕರ್ ಲೆವೆಲ್ ಇನ್‌ಪುಟ್ (ಆಂಪ್‌ನ ಸ್ಪೀಕರ್ ವೈರನ್ನೇ ಹಾಕೋ ಜಾಗ) ಇರೋದನ್ನ ನೋಡಿ ತಗೊಂಡ್ರೆ ಎರಡರ ಜೊತೆಗೂ ದುಡಿಯತ್ತೆ.

ಬೆಸುಗೆಕಡ್ಡಿ:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎರಡು ಡಬ್ಬ ಸೇರಿಸಿದಾಗ ಗುಂಯ್ ಅಂತ ಹಮ್ ಬಂದ್ರೆ ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ ನೋಡಿ, ಆಮೇಲೆ ಟಿವಿಗೆ ಬರೋ ಕೇಬಲ್ ವೈರ್ ಬಿಚ್ಚಿ ನೋಡಿ, ಬಹಳ ಸಲ ಅದೇ ಕಾರಣ. ಅರ್ತ್ ಪಿನ್ ಮಾತ್ರ ಯಾವತ್ತೂ ತೆಗೀಬೇಡಿ, ಹಮ್ ಹೋಗತ್ತೆ, ಜೀವಕ್ಕೆ ರಕ್ಷಣೆನೂ ಹೋಗತ್ತೆ.

ನಾದಪ್ರಿಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಕೂತು ಅಳೆದೆ. ಸ್ಪೀಕರ್ ಹಿಂದೆ 87 ಡಿಬಿ, 6 ಓಮ್ ಅಂತ ಇದೆ. ಫೋನ್ ಆ್ಯಪ್ ಅಷ್ಟು ಕರಾರುವಾಕ್ಕಲ್ಲ ಅಂತ ಗೊತ್ತು, ಆದ್ರೂ ಅಪ್ಪ ನೋಡೋ ವಾಲ್ಯೂಮ್‌ನಲ್ಲಿ 72ರ ಆಸುಪಾಸು ತೋರಿಸ್ತು. ಲೆಕ್ಕ ಹಾಕಿದ್ರೆ ಕಾಲು ವ್ಯಾಟ್‌ಗಿಂತ ಚೂರು ಜಾಸ್ತಿ, ಪೀಕ್‌ಗೆ 28 ವ್ಯಾಟ್. ಮೂರು ತಿಂಗಳು ನಾನು 200 ವ್ಯಾಟ್ ಪವರ್ ಆಂಪ್ ನೋಡ್ತಾ ಕೂತಿದ್ದೆ.

ಸರಿ, ರಿಸೀವರ್ ಜೊತೆ ಹಳೇ ಆಂಪ್, ಇದೇ ಫೈನಲ್. ಒಂದು ಮಾಡೆಲ್ ನೋಡಿಟ್ಟಿದ್ದೆ, ಈಗ ಅದರ ಹಿಂಭಾಗದ ಫೋಟೋ ದೊಡ್ಡದು ಮಾಡಿ ನೋಡಿದ್ರೆ ಪ್ರೀ ಔಟ್ ಅಂತ ಬರೆದಿರೋ ಕಡೆ ಸಬ್ ವೂಫರ್‌ಗೆ ಮಾತ್ರ ತೂತು ಇದೆ, ಫ್ರಂಟ್ ಎಡ ಬಲಕ್ಕೆ ಇಲ್ಲ. ಇದು ನಡೆಯತ್ತಾ?

ಬೆಸುಗೆಕಡ್ಡಿ:

ನಡೆಯಲ್ಲ ಸರ್, ಅದನ್ನ ಬಿಡಿ. ಅದೇ ಸಾಲಿನಲ್ಲಿ ಒಂದೆರಡು ಮೆಟ್ಟಿಲು ಮೇಲಿನದು ನೋಡಿ, ಫ್ರಂಟ್ ಪ್ರೀ ಔಟ್ ಸಾಮಾನ್ಯವಾಗಿ ಅಲ್ಲಿಂದ ಶುರುವಾಗತ್ತೆ. ತಗೊಳ್ಳೋ ಮುಂಚೆ ಹೀಗೇ ಹಿಂಭಾಗದ ಫೋಟೋ ದೊಡ್ಡದು ಮಾಡಿ ಇನ್ನೊಂದ್ಸಲ ನೋಡಿ, ಡೌಟ್ ಇದ್ರೆ ಇಲ್ಲೇ ಹಾಕಿ.